ಬೈಬಲ್ ಇರುವಾಗ ಬೇರೆ ಪುಸ್ತಕ ಯಾಕೆ?

ಬೈಬಲ್‌ನಲ್ಲಿ ಜ್ಞಾನೋಕ್ತಿಗಳು ಅಂತ ವಿವೇಕದ ಮಾತುಗಳ ಒಂದು ಪುಸ್ತಕವಿದೆ. ಅದರ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ವಿವೇಕ ಬೇಕು ಅಂದ್ರೆ ಬೈಬಲ್ ಸಾಕಲ್ವಾ? ಇತಿಹಾಸ, ವಿಜ್ಞಾನ, ಕಂಡವರ ಪುಸ್ತಕ ಎಲ್ಲ ಯಾಕೆ ಓದ್ತೀರಿ?" ಕೆಲವರದು ಕುತೂಹಲ. ಕೆಲವರ ದನಿಯಲ್ಲಿ ಸಣ್ಣ ಅನುಮಾನವೂ ಇರುತ್ತದೆ.

ಹೊರಗೂ ಕಲಿ ಅಂತ ನನಗೆ ಹೇಳಿದ್ದೇ ಬೈಬಲ್. ಇದೇ ನನ್ನ ಉತ್ತರ.

ಜ್ಞಾನೋಕ್ತಿಗಳನ್ನು ಪೂರ್ತಿ ಇಸ್ರಾಯೇಲಿನ ಅರಸ ಸೊಲೊಮೋನನೇ ಕೂತು ಬರೆದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 25ನೇ ಅಧ್ಯಾಯದ ಮೊದಲ ವಚನ ನೋಡಿ. ಸೊಲೊಮೋನನ ಈ ಮಾತುಗಳನ್ನು ಯೆಹೂದದ ಅರಸ ಹಿಜ್ಕೀಯನ ಕಡೆಯವರು ಬರೆದು ಇಳಿಸಿದರು ಎಂದಿದೆ. ಅದು ಸೊಲೊಮೋನ ಸತ್ತು ಇನ್ನೂರಕ್ಕೂ ಹೆಚ್ಚು ವರ್ಷ ಆದಮೇಲಿನ ಕೆಲಸ. 30ನೇ ಅಧ್ಯಾಯ ಆಗೂರ ಎಂಬವನದು. 31ರ ಮೊದಲ ಭಾಗ ಲೆಮೂವೇಲ ಎಂಬ ಅರಸನಿಗೆ ಅವನ ತಾಯಿ ಹೇಳಿಕೊಟ್ಟ ಬುದ್ಧಿ. ಈ ಹೆಸರಿನ ಅರಸ ಇಸ್ರಾಯೇಲ್, ಯೆಹೂದ ಎರಡೂ ರಾಜ್ಯಗಳ ಪಟ್ಟಿಯಲ್ಲಿ ಸಿಗುವುದಿಲ್ಲ.

ಇನ್ನೂ ಸ್ವಾರಸ್ಯದ್ದು 22ನೇ ಅಧ್ಯಾಯದ 17ನೇ ವಚನದಿಂದ ಶುರುವಾಗುವ ಭಾಗ. ಅಮೆನೆಮೋಪೆ ಎಂಬ ಈಜಿಪ್ಟಿನ ಅಧಿಕಾರಿ ಮಗನಿಗೆ ಹೇಳಿದ ಮೂವತ್ತು ಅಧ್ಯಾಯಗಳ ಉಪದೇಶವೊಂದಿದೆ. ಅದರ ಪಪೈರಸ್ ಸುರುಳಿ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1924ರಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಕೆ ತೋರಿಸಿದರು. ಬಡವನನ್ನು ದೋಚಬೇಡ, ಗಡಿಕಲ್ಲು ಸರಿಸಬೇಡ ಎಂಬ ಮಾತು ಎರಡರಲ್ಲೂ ಇದೆ. ಹಣಕ್ಕೆ ರೆಕ್ಕೆ ಬಂದು ಹಾರಿಹೋಗುವ ಮಾತೂ ಇದೆ. ಜ್ಞಾನೋಕ್ತಿಯಲ್ಲಿ ಅದು ಹದ್ದಿನ ಹಾಗೆ ಹಾರುತ್ತದೆ, ಈಜಿಪ್ಟಿನವನ ಬರಹದಲ್ಲಿ ಬಾತುಗಳ ಹಾಗೆ! ಈಜಿಪ್ಟಿನದೇ ಹಳೆಯದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇದನ್ನು ಕೇಳಿ ಕೆಲವರಿಗೆ ಗಾಬರಿಯಾಗುತ್ತದೆ. ನನಗೆ ಖುಷಿಯಾಯಿತು. ಒಳ್ಳೆಯ ಮಾತು ಪರದೇಶದವನ ಬಾಯಲ್ಲಿ ಬಂದರೂ ಜ್ಞಾನೋಕ್ತಿಗಳನ್ನು ಬರೆದವರು ಮುಖ ತಿರುಗಿಸಲಿಲ್ಲ, ಅಲ್ವಾ?

ಯೇಸುವಿನ ಸಂದೇಶ ಸಾರುತ್ತಾ ಊರೂರು ಸುತ್ತಿದ ಪೌಲನೂ ಹಾಗೇ. ಗ್ರೀಸಿನ ಅಥೇನೆಯಲ್ಲಿ (ಅಥೆನ್ಸ್) ಮಾತಾಡುವಾಗ "ನಾವು ಅವನ ಸಂತಾನ" ಎಂಬ ಸಾಲು ಹೇಳುತ್ತಾನೆ. ಅದು ಗ್ರೀಕ್ ಕವಿ ಅರಾಟಸ್ ನಕ್ಷತ್ರಗಳ ಬಗ್ಗೆ ಬರೆದ ಕಾವ್ಯದ್ದು. ಅಲ್ಲಿ ಆ ಮಾತು ಇರುವುದು ಗ್ರೀಕರ ಸ್ಯೂಸ್ ದೇವರ ಬಗ್ಗೆ. ಓದದೇ ಇದ್ದಿದ್ದರೆ, ಕೊನೇಪಕ್ಷ ಕಿವಿಗೊಟ್ಟು ಕೇಳದೇ ಇದ್ದಿದ್ದರೆ, ಆ ಸಾಲು ಪೌಲನ ಬಾಯಿಗೆ ಬರುತ್ತಿರಲಿಲ್ಲ. ಬಾಬಿಲೋನಿಗೆ ಸೆರೆಹೋದ ಯೆಹೂದಿ ದಾನಿಯೇಲನಂತೂ ಅಲ್ಲಿನ ಭಾಷೆ, ಗ್ರಂಥ ಎಲ್ಲ ಕಲಿತವನು.

ಆಗ ಕೆಲವರು ಜ್ಞಾನೋಕ್ತಿಗಳ 1ನೇ ಅಧ್ಯಾಯದ 7ನೇ ವಚನವನ್ನು ಮುಂದಿಡುತ್ತಾರೆ. ಯೆಹೋವನ, ಅಂದರೆ ದೇವರ, ಭಯವೇ ತಿಳುವಳಿಕೆಗೆ ಮೂಲ. ಒಪ್ಪಿದೆ. ಮೂಲ ಅಂದಮೇಲೆ ಅಲ್ಲಿಂದ ಮುಂದಕ್ಕೂ ಹೋಗಬೇಕಲ್ಲ. ಎರಡೇ ವಚನ ಹಿಂದೆ, ಜ್ಞಾನಿ ಕೇಳಿ ಕೇಳಿ ಇನ್ನೂ ಜಾಸ್ತಿ ಕಲಿಯುತ್ತಾನೆ ಅಂತಲೂ ಇದೆ.

ಹಾಗಂತ ಪುಸ್ತಕ ರಾಶಿ ಹಾಕಿದವರೆಲ್ಲ ವಿವೇಕಿಗಳಲ್ಲ. ಸೊಲೊಮೋನನಿಗೇ ಮೂರು ಸಾವಿರ ಗಾದೆ ಗೊತ್ತಿತ್ತು. ಮರಗಿಡ, ಪ್ರಾಣಿಪಕ್ಷಿ, ಮೀನುಗಳ ಬಗ್ಗೆಯೂ ಮಾತಾಡುತ್ತಿದ್ದ. ಆದರೂ ಮುಪ್ಪಿನಲ್ಲಿ ದಾರಿ ತಪ್ಪಿದ.

ಗೊತ್ತಿರುವುದು ಬೇರೆ, ಯಾವಾಗ ಯಾವುದು ಅಂತ ತಿಳಿಯುವುದು ಬೇರೆ. ಇದಕ್ಕೆ ನನ್ನ ಮೆಚ್ಚಿನ ಜಾಗ 26ನೇ ಅಧ್ಯಾಯದ 4 ಮತ್ತು 5ನೇ ವಚನ. ಮೂಢನಿಗೆ ಅವನ ಮೂಢತನಕ್ಕೆ ತಕ್ಕ ಉತ್ತರ ಕೊಡಬೇಡ, ನೀನೂ ಅವನಂತಾಗುತ್ತೀಯ ಎನ್ನುತ್ತದೆ ಒಂದು. ಕೊಡು, ಇಲ್ಲದಿದ್ದರೆ ಅವನು ತಾನೇ ಜಾಣ ಅಂದುಕೊಳ್ಳುತ್ತಾನೆ ಎನ್ನುತ್ತದೆ ಇನ್ನೊಂದು. ಯಾರೋ ಕೈತಪ್ಪಿ ಬರೆದದ್ದಲ್ಲ, ಬೇಕಂತಲೇ ಜೊತೆಗಿಟ್ಟದ್ದು ಅಂತ ನನ್ನ ಲೆಕ್ಕ. ಎದುರಿಗಿರುವವನು ಯಾರು, ಸಿಟ್ಟಿನಲ್ಲಿದ್ದಾನಾ, ಸುತ್ತ ಕೇಳುತ್ತಿರುವವರು ಯಾರು? ಅದನ್ನು ವಚನ ಹೇಳುವುದಿಲ್ಲ, ನಾವೇ ನೋಡಬೇಕು. ಮನುಷ್ಯರನ್ನು, ಅವರ ಇತಿಹಾಸವನ್ನು ಓದುವುದು ನನಗೆ ಉಪಯೋಗಕ್ಕೆ ಬರುವುದು ಇಲ್ಲೇ.

"ಸರಿ, ಎಲ್ಲಿಂದ ಶುರು ಮಾಡಲಿ?" ಎನ್ನುವವರಿಗೆ ಒಂದು ಮಾತು. 31 ಅಧ್ಯಾಯ ಇದೆ ಅಂತ ದಿನಕ್ಕೊಂದರಂತೆ ತಿಂಗಳಲ್ಲಿ ಮುಗಿಸುವ ರೂಢಿ ಇದೆ. ನನಗೆ ಅದು ಅಷ್ಟು ಹಿಡಿಸಿಲ್ಲ. 10ನೇ ಅಧ್ಯಾಯದಿಂದ ಮುಂದೆ ಹೆಚ್ಚಿನವು ಬಿಡಿ ಬಿಡಿ ಮಾತುಗಳು. ಒಂದೇ ಉಸಿರಿಗೆ ಮೂವತ್ತು ಓದಿದರೆ ಒಂದೂ ನಿಲ್ಲುವುದಿಲ್ಲ. ಎರಡೋ ಮೂರೋ ತೆಗೆದುಕೊಳ್ಳಿ, ಅವುಗಳ ಜೊತೆ ಜಗಳ ಆಡಿ, ಆಮೇಲೆ ಪಕ್ಕದಲ್ಲಿ ಬೇರೆ ಯಾವ ಪುಸ್ತಕ ಬೇಕಾದರೂ ಇರಲಿ.