ಇಷ್ಟು ಹಸಿರಿನ ಊರನ್ನು ಕಪ್ಪು-ಬಿಳುಪು ಮಾಡುವುದೇಕೆ?

ಕೊಡಗಿನ ಅರಸರ ಸಮಾಧಿಗಳಿರುವ ಮಡಿಕೇರಿಯ ಗದ್ದುಗೆಯ ಹುಲ್ಲುಹಾಸಿನ ಮೇಲೆ ಟ್ರೈಪಾಡ್ ಊರಿ ನಿಂತರೆ ಸಾಕು, ಯಾರಾದರೊಬ್ಬರು ಬಂದು ಕ್ಯಾಮೆರಾದ ಪರದೆಯನ್ನು ಇಣುಕಿ ನೋಡುತ್ತಾರೆ. ನಂತರ ಅದೇ ಪ್ರಶ್ನೆ: “ಜನ ಕೊಡಗಿಗೆ ಬರುವುದೇ ಹಸಿರು ನೋಡಲು. ನೀವು ಅದನ್ನೇ ತೆಗೆದುಹಾಕುತ್ತೀರಲ್ಲ, ಏಕೆ?” ನೆಂಟರೂ ಕೇಳಿದ್ದಾರೆ, ಚಿತ್ರ ಕೊಳ್ಳಲು ಬಂದವರೂ ಕೇಳಿದ್ದಾರೆ.

ಇಲ್ಲಿನ ಹಸಿರಿನ ಅಬ್ಬರದ ಮುಂದೆ ಕಟ್ಟಡದ ಮಾತು ಕೇಳಿಸುವುದೇ ಇಲ್ಲ. ಅರಸ ಲಿಂಗರಾಜೇಂದ್ರನ ಗದ್ದುಗೆಯನ್ನು 1820ರಲ್ಲಿ ಅವನ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ. ನಡುವೆ ಗುಮ್ಮಟ, ಮೂಲೆಗಳಲ್ಲಿ ಗೋಪುರಗಳು. ಬಣ್ಣದ ಚಿತ್ರದಲ್ಲಿ ಕಣ್ಣು ನೇರ ಹುಲ್ಲಿಗೆ ಹೋಗಿ ಅಲ್ಲೇ ಉಳಿದುಬಿಡುತ್ತದೆ. ಬಣ್ಣ ಹಿಂದೆ ಸರಿದಾಗ ಮಾತ್ರ ಗುಮ್ಮಟದ ದುಂಡು ತಿಳಿಯುತ್ತದೆ, ಬೆಳಕು ಅದರ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೇಗೆ ಜಾರುತ್ತದೆ ಎಂಬುದು ಕಾಣುತ್ತದೆ.

ಆದರೆ ನಾನು ಹಸಿರನ್ನು ತೆಗೆದುಹಾಕುತ್ತೇನೆ ಎಂಬ ಮಾತನ್ನು ಒಪ್ಪಲಾರೆ. ಕಂಪ್ಯೂಟರಿನಲ್ಲಿ ನಡೆಯುವ ಸಂಸ್ಕರಣೆಯ ಕೊನೆಯ ಗಳಿಗೆಯವರೆಗೂ ಬಣ್ಣ ನನ್ನ ಕೈಯಲ್ಲಿರುತ್ತದೆ. ಯಾವ ಬಣ್ಣಕ್ಕೆ ಯಾವ ಬೂದು ಎಂದು ನಿರ್ಧರಿಸುವುದೇ ನನ್ನ ಕೆಲಸ. ಇದನ್ನು ಕಲಿಸಿದ್ದು ಕೊಡಗಿನ ಮನೆತನವೊಂದರ ಮೂಲ ಮನೆ, ಒಂದು ಐನ್‌ಮನೆ.

ವರ್ಷಗಳ ಹಿಂದೆ ಆ ಮನೆಯ ಚಿತ್ರ ತೆಗೆದು, ಒಂದೇ ಗುಂಡಿ ಒತ್ತಿ ಕಪ್ಪು-ಬಿಳುಪು ಮಾಡಿ, ಮುದ್ರಿಸಿ ಕೊಟ್ಟಿದ್ದೆ. ಮನೆಯ ಹಿರಿಯರು ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದರು. “ಮನೆ ನಮ್ಮದೇ. ಆದರೆ ಕಂಬಗಳು ಎಲ್ಲಿ ಹೋದವು?” ಎಂದರು. ಮುಂದಿನ ಜಗಲಿಯಾದ ಕಯ್ಯಾಲೆಯ ಕೆತ್ತನೆಯ ಕಂಬಗಳು ಕತ್ತಲಲ್ಲಿ ಮುಳುಗಿದ್ದವು. ಹೆಂಚಿನ ಮಾಡೂ ಹಿಂದಿನ ಹಲಸಿನ ಮರವೂ ಒಂದೇ ಬೂದಿ ಬಣ್ಣದಲ್ಲಿ ಕಲಸಿಹೋಗಿದ್ದವು. ಮಾಡು ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ಹೇಳಲಾಗುತ್ತಿರಲಿಲ್ಲ. ಚಿತ್ರವನ್ನು ಮರಳಿ ಪಡೆದು ಬಂದೆ.

ಕಾರಣ ಸರಳ. ಸಾಮಾನ್ಯವಾಗಿ ಬಳಸುವ ಒಂದು ಲೆಕ್ಕದಲ್ಲಿ ಕೆಂಪಿಗೆ ಸುಮಾರು 30, ಹಸಿರಿಗೆ 59, ನೀಲಿಗೆ 11 ಪಾಲು ಕೊಟ್ಟು ಮೂರನ್ನೂ ಕೂಡಿಸಿ ಒಂದು ಬೂದು ಮಾಡುತ್ತಾರೆ. ಮಳೆಗೆ ನೆನೆದ ಕೆಂಪು ಹೆಂಚು, ಅದರ ಹಿಂದಿನ ಕಡು ಹಸಿರು ಎಲೆ: ಬಣ್ಣದಲ್ಲಿ ಇವೆರಡೂ ದೂರ ದೂರ, ಈ ಲೆಕ್ಕದಲ್ಲಿ ಅಕ್ಕಪಕ್ಕ. ಹಾಗಾಗಿ ಈಗ ಒಂದೊಂದು ಬಣ್ಣದ ಬೆಳಕನ್ನೂ ಬೇರೆಯಾಗಿ ಏರಿಸಿ ಇಳಿಸುತ್ತೇನೆ. ಹೊಸಬರು ಎಲೆಯನ್ನು ಬೆಳಗಿಸಲು ಹಸಿರಿನ ಪಟ್ಟಿಯನ್ನು ಎಳೆಯುತ್ತಾರೆ, ಏನೂ ಆಗಲಿಲ್ಲ ಎಂದು ಇನ್ನಷ್ಟು ಎಳೆಯುತ್ತಾರೆ. ಹಳದಿಯನ್ನು ಮುಟ್ಟಿ ನೋಡಿ. ನಮ್ಮ ಕಣ್ಣಿಗೆ ಹಸಿರೆನಿಸುವ ಎಲೆಯಲ್ಲಿ, ಅದರಲ್ಲೂ ಎಳೆ ಹುಲ್ಲಿನಲ್ಲಿ, ಹಳದಿಯ ಅಂಶ ದೊಡ್ಡದು. ಎಳೆಯುವುದಕ್ಕೂ ಮಿತಿಯಿದೆ. ಹೆಚ್ಚಾದರೆ ಹೆಂಚಿನ ಅಂಚಿನಲ್ಲಿ ಬಿಳಿ ಗೆರೆಯೊಂದು ಏಳುತ್ತದೆ. ಅದು ಕಂಡ ಕೂಡಲೇ ಕೈ ಹಿಂದೆಗೆಯಬೇಕು.

ಅದೇ ಮನೆಯ ಗೋಡೆಯ ಮೇಲೆ ಹಳೆಯ ಫೋಟೋ ಒಂದು ತೂಗುತ್ತಿತ್ತು. ಅದರಲ್ಲಿ ಮಾಡು ಹೆಚ್ಚು ಕಡಿಮೆ ಕಪ್ಪು, ಆಕಾಶ ಬಿಳಿ ಹಾಳೆ. ಕಾಲ ಅದನ್ನು ಹಾಳು ಮಾಡಿದೆ ಎಂದುಕೊಂಡಿದ್ದೆ. ಹಳೆಯ ಕಾಲದಲ್ಲಿ ಫೋಟೋ ತೆಗೆಯುತ್ತಿದ್ದ ಗಾಜಿನ ಫಲಕಗಳು ನೀಲಿಗೆ ಬೇಗ ಸ್ಪಂದಿಸುತ್ತಿದ್ದವು, ಕೆಂಪು ಅವುಗಳ ಪಾಲಿಗೆ ಕತ್ತಲೆ ಎಂಬುದು ಆಮೇಲೆ ತಿಳಿಯಿತು. ಆ ಮನೆಯವರ ನೆನಪಿನಲ್ಲಿರುವ ಚಿತ್ರದ ಮಾಡು ಕಪ್ಪು. ಆದ್ದರಿಂದ ಎರಡನೆಯ ಬಾರಿ ನಾನು ಕೆಂಪನ್ನು ಇಳಿಸಿದೆ, ಹಳದಿಯನ್ನು ಏರಿಸಿದೆ. ಹಲಸಿನ ಮರ ತಿಳಿಯಾಗಿ ಹಿಂದೆ ಸರಿಯಿತು, ಮಾಡು ಗಟ್ಟಿಯಾಗಿ ಕುಳಿತಿತು.

ಕಂಬಗಳನ್ನು ಮೇಲೆತ್ತುವುದೇ ಹೆಚ್ಚು ಹೊತ್ತಿನ ಕೆಲಸ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲುಗಳು. 14 ಬಿಟ್‌ನ ರಾ ಕಡತದಲ್ಲಿ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಟ್ಟದ್ದು) 16,384. ಹೊರಗೆ ಬಿಳಿಚಿದ ಮಳೆಯ ಬೆಳಕು, ಒಳಗೆ ಎಣ್ಣೆ ಕುಡಿದ ಮರ ಇರುವಾಗ ಆ ಹೆಚ್ಚಿನ ಮೆಟ್ಟಿಲುಗಳಿಲ್ಲದೆ ಕೆತ್ತನೆ ಸಿಗುವುದಿಲ್ಲ. ಇಡೀ ಕಯ್ಯಾಲೆಯನ್ನು ಒಮ್ಮೆಲೇ ಬೆಳಗಿಸುವುದಿಲ್ಲ. ಹಾಗೆ ಮಾಡಿದರೆ ಅದು ಟ್ಯೂಬ್‌ಲೈಟ್ ಹಾಕಿದ ಅಂಗಡಿಯಂತೆ ಆಗುತ್ತದೆ. ಬೆಳಕು ಅಂಗಳದಿಂದ ಬರುತ್ತದೆ, ಹಾಗಾಗಿ ಕೆತ್ತನೆಯ ಅಂಗಳದ ಕಡೆಯ ಅಂಚನ್ನು ಮಾತ್ರ ತಂತ್ರಾಂಶದ ಸಣ್ಣ ಕುಂಚದಿಂದ ಸ್ವಲ್ಪ ಸ್ವಲ್ಪವೇ ತಿಳಿ ಮಾಡುತ್ತಾ ಹೋಗುತ್ತೇನೆ. ಕಂಬಗಳ ನಡುವೆ ಕೂರಲು ಇರುವ ಮರದ ಹಲಗೆಯಾದ ಐಮರದ ಮೇಲ್ಮೈ ಎಷ್ಟೋ ತಲೆಮಾರುಗಳು ಕುಳಿತು ನುಣುಪಾದದ್ದು. ಅದರ ಹೊಳಪಿಗೆ ನಾನು ಕೈ ಹಚ್ಚುವುದಿಲ್ಲ, ಅದು ತಾನೇ ಬರುತ್ತದೆ. ಚಿತ್ರದ ವಾಲನ್ನು ಸರಿಪಡಿಸುವಾಗ ಕಂಬವನ್ನೇ ಆಧಾರವಾಗಿ ಹಿಡಿಯುತ್ತೇನೆ, ಮಾಡಿನ ನೆತ್ತಿಯನ್ನಲ್ಲ. ವಯಸ್ಸಾದ ಮನೆಯ ನೆತ್ತಿ ತುಸು ಬಾಗಿರುತ್ತದೆ, ಬಾಗಿಯೇ ಇರಲಿ.

ಕೆಂಪು ಫಿಲ್ಟರ್ ಹಾಕಿ ಆಕಾಶವನ್ನು ಕಪ್ಪಾಗಿಸಿ ಎಂಬ ಸಲಹೆಯನ್ನು ಎಲ್ಲ ಕಡೆ ಓದುತ್ತೀರಿ. ಅದು ನೀಲಿ ಆಕಾಶಕ್ಕೆ ಹೇಳಿದ ಮಾತು. ಜುಲೈ ತಿಂಗಳ ಮಡಿಕೇರಿಯ ಆಕಾಶದಲ್ಲಿ ಕಪ್ಪಾಗಿಸಲು ನೀಲಿಯೇ ಇರುವುದಿಲ್ಲ. ರಾಜಾಸೀಟ್ ಉದ್ಯಾನದ ಕಮಾನಿನ ಮಂಟಪವನ್ನು ಮಂಜಿನಲ್ಲಿ ತೆಗೆದರೆ ಚಿತ್ರದ ಬೂದುಗಳೆಲ್ಲ ನಡುವಿನಲ್ಲೇ ಒತ್ತಿಕೊಂಡಿರುತ್ತವೆ. ಅವನ್ನು ಕಪ್ಪಿನಿಂದ ಬಿಳಿಯವರೆಗೆ ಹಿಗ್ಗಿಸಲು ಕೈ ತುರಿಸುತ್ತದೆ. ಹಿಗ್ಗಿಸಿದರೆ ಮಂಜು ಸತ್ತುಹೋಗುತ್ತದೆ. ಹತ್ತಿರದ ಕಂಬದ ನೆರಳಿನಲ್ಲಿ ಎಲ್ಲೋ ಒಂದೆಡೆ ನಿಜವಾದ ಕಪ್ಪು ಇದ್ದರೆ ಸಾಕು.

ಇನ್ನು ಗೋಡೆಗಳು. ಇಲ್ಲಿನ ಮಳೆಗೆ ಸುಣ್ಣದ ಗೋಡೆಯ ಮೇಲೆ ಪಾಚಿ ಕಟ್ಟಿ ಕಪ್ಪು ಗೆರೆಗಳು ಇಳಿಯುತ್ತವೆ. ಅವನ್ನು ಅಳಿಸಿ ಕೊಡಿ ಎಂದು ಕೇಳಿದವರಿದ್ದಾರೆ. ಅಳಿಸುವುದಿಲ್ಲ. ಅಂಚುಗಳನ್ನು ಚೂಪು ಮಾಡುವ ಸಾಧನವನ್ನೂ ಅಲ್ಲಿ ಬಳಸುವುದಿಲ್ಲ, ಬಳಸಿದರೆ ಪಾಚಿ ಗಾಯದ ಹಾಗೆ ಕಾಣುತ್ತದೆ. ಅಡ್ಡ ಬಂದ ವಿದ್ಯುತ್ ತಂತಿಯನ್ನೂ ತೆಗೆಯುವುದಿಲ್ಲ. ಆಚೀಚೆ ನಾಲ್ಕು ಹೆಜ್ಜೆ ಸರಿದು ಇನ್ನೊಂದು ಕೋನ ಹುಡುಕುತ್ತೇನೆ, ಸಿಗದಿದ್ದರೆ ತಂತಿ ಇರುತ್ತದೆ. ಮುಂದೆ ಯಾರೋ ಈ ಚಿತ್ರವನ್ನು ನೋಡಿ ಆ ಗೋಡೆ ಆಗ ಹೇಗಿತ್ತು ಎಂದು ತಿಳಿಯಬೇಕಿದೆ. ಕ್ಯಾಮೆರಾದೊಳಗಿನ ಧೂಳಿನ ಚುಕ್ಕೆ ನನ್ನದು, ಅದನ್ನು ಮಾತ್ರ ಅಳಿಸುತ್ತೇನೆ.

ಎರಡನೆಯ ಮುದ್ರಣವನ್ನು ಕೊಡಲು ಹೋದ ದಿನವೂ ಮಳೆಯಿತ್ತು. ಹಿರಿಯರು ಮತ್ತೆ ಅದೇ ಕಿಟಕಿಯ ಬಳಿ ನಿಂತು ಬೆರಳಿನಿಂದ ಕಂಬಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ ಮೊಳೆ ತರಲು ಮೊಮ್ಮಗನನ್ನು ಕೂಗಿದರು.