ಬಾಣಂತನ ಎಲ್ಲಿ ಮಾಡ್ತೀರ?

ಬೆಂಗಳೂರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ನರ್ಸ್. ಹುಟ್ಟಿನಿಂದ ಬರುವ ಕಾಯಿಲೆಗಳ ಪರೀಕ್ಷೆಗೆ ಎಳೆ ಮಕ್ಕಳ ಹಿಮ್ಮಡಿ ಚುಚ್ಚಿ ಕಾಗದದ ಕಾರ್ಡಿಗೆ ರಕ್ತ ಹಾಕುವುದು ನನ್ನ ದಿನದ ಕೆಲಸ. ಇಷ್ಟು ದಿನ ಮೂರೇ ಕಾಯಿಲೆಗೆ ಪರೀಕ್ಷೆ ಇತ್ತು: ಹುಟ್ಟಿನಿಂದ ಬರುವ ಥೈರಾಯ್ಡ್ ಕೊರತೆ, ಅಡ್ರಿನಲ್ ಗ್ರಂಥಿ ಬೇಕಾದ ಹಾರ್ಮೋನು ಮಾಡದ ಸಿಎಎಚ್, ಕೆಂಪು ರಕ್ತಕಣಗಳು ಬೇಗ ಒಡೆಯುವಂತೆ ಮಾಡುವ ಜಿ6ಪಿಡಿ ಕೊರತೆ. ಮುಂದಿನ ತಿಂಗಳಿಂದ 40ಕ್ಕೂ ಜಾಸ್ತಿ ಕಾಯಿಲೆಗಳನ್ನು ಸೇರಿಸುತ್ತಿದ್ದೇವೆ. ಕಾರ್ಡು ಅದೇ, ರಕ್ತವೂ ಅಷ್ಟೇ. ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೀಟರ್ ಅನ್ನುವ ಯಂತ್ರ ಒಂದು ಚಿಕ್ಕ ಚುಕ್ಕೆಯಿಂದಲೇ ಈ ಹೊಸ ಕಾಯಿಲೆಗಳನ್ನೆಲ್ಲ ನೋಡುತ್ತದೆ. ಕಾಗದದ ಮೇಲೆ ಒಣಗಿಸಿದ ರಕ್ತದಿಂದ ಪರೀಕ್ಷೆ ಮಾಡುವುದು 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಪಿಕೆಯು (ಪ್ರೋಟೀನಿನ ಒಂದು ಅಂಶ ಮೈಗೆ ಅರಗದ ಕಾಯಿಲೆ) ಎಂಬ ಒಂದೇ ಕಾಯಿಲೆಗೆ ಹಿಡಿದ ದಾರಿ. 1980ರಲ್ಲೇ ಬೆಂಗಳೂರಿನಲ್ಲಿ ಇಂಥ ಪರೀಕ್ಷೆ ಶುರುವಾಗಿತ್ತು ಅಂತ ತಿಳಿದಾಗ ನನಗೆ ತುಂಬಾ ಹೆಮ್ಮೆಯಾಗಿತ್ತು.

ಹನಿ ಹಾಕುವುದರಲ್ಲಿ ನಾನು ಬಹಳ ಕಟ್ಟುನಿಟ್ಟು. ಮಗುವಿಗೆ ಎರಡು ದಿನ ತುಂಬಿರಬೇಕು. ಪಾದ ಬೆಚ್ಚಗಿರಬೇಕು. ಹಿಮ್ಮಡಿಯ ನಡುವೆ ಅಲ್ಲ, ಪಕ್ಕದಲ್ಲಿ ಚುಚ್ಚಬೇಕು. ಮೊದಲ ಹನಿ ಒರೆಸಬೇಕು. ಎರಡನೆಯದು ತಾನಾಗಿ ದಪ್ಪವಾಗುವ ತನಕ ಕಾಯಬೇಕು. ಅದು ಒಂದೇ ಸಲಕ್ಕೆ ವೃತ್ತ ತುಂಬಿ ಕಾಗದದ ಹಿಂಬದಿಗೂ ಇಳಿಯಬೇಕು. ಹನಿಯ ಮೇಲೆ ಹನಿ ಹಾಕಿದರೆ ಕಾರ್ಡು ಕೆಟ್ಟಂತೆ. ಆಮೇಲೆ ನೆರಳಲ್ಲಿ, ಮಲಗಿಸಿಟ್ಟು, ಮೂರ್ನಾಲ್ಕು ಗಂಟೆ ಒಣಗಿಸಬೇಕು. ಇಷ್ಟು ಸರಿಯಾದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ.

ಒಂದು ಮಗುವಿನ ವರದಿಯಲ್ಲಿ ಸಿಎಎಚ್ ಇರಬಹುದು ಅಂತ ತೋರಿಸುವ ಅಂಶ ಜಾಸ್ತಿ ಬಂತು. ಸಿಎಎಚ್‌ನಲ್ಲಿ ಮೈಯಿಂದ ಉಪ್ಪಿನಂಶ ಹೊರಟುಹೋಗುವ ಬಗೆ ಒಂದಿದೆ. ಆ ಮಕ್ಕಳು ಎರಡನೇ ವಾರದ ಹೊತ್ತಿಗೆ ವಾಂತಿ ಮಾಡುತ್ತಾ ಸೋತು ಹೋಗುತ್ತವೆ. ಗೊತ್ತಾಗದಿದ್ದರೆ ಜೀವಕ್ಕೇ ಅಪಾಯ. ಗೊತ್ತಾದರೆ ಮಾತ್ರೆಯಲ್ಲಿ ಬದುಕುತ್ತವೆ.

ಕಾರ್ಡಿನಲ್ಲಿ ಒಂದೇ ಫೋನ್ ನಂಬರ್ ಇತ್ತು, ಅಪ್ಪನದು. ಸ್ವಿಚ್ ಆಫ್. ಅಂದು ಸಂಜೆ, ಮಾರನೇ ದಿನ ಬೆಳಿಗ್ಗೆ, ಮತ್ತೆ ಮಧ್ಯಾಹ್ನ ಮಾಡಿದೆ. ವಿಳಾಸದ ಮನೆಗೆ ನಮ್ಮ ವಾರ್ಡಿನ ಹುಡುಗ ಹೋಗಿ ಬಂದ. ಬೀಗ ಹಾಕಿತ್ತಂತೆ. ಪಕ್ಕದ ಮನೆಯವರು, 'ಬಾಣಂತಿ ತವರಿಗೆ ಹೋದ್ಲು, ಕುಣಿಗಲ್ ಕಡೆ' ಅಂದರಂತೆ. ಊರಿನ ಹೆಸರು ಅವರಿಗೂ ಗೊತ್ತಿಲ್ಲ.

ಹೆರಿಗೆಯಾದ ಹೆಣ್ಣುಮಗಳು ತವರಿಗೆ ಹೋಗುವುದು ನನಗೆ ಗೊತ್ತಿಲ್ಲದ ವಿಷಯವೇ? ನಾನೇ ಮೂರು ತಿಂಗಳು ಅಮ್ಮನ ಮನೆಯಲ್ಲಿದ್ದೆ. ಆದರೂ ಕಾರ್ಡಿನಲ್ಲಿ ಅದನ್ನು ಕೇಳಬೇಕು ಅಂತ ಹೊಳೆದಿರಲಿಲ್ಲ. ತಪ್ಪು ನಮ್ಮದೇ.

ತಾಯಿ ಕಾರ್ಡಿನಲ್ಲಿದ್ದ ಹೆಸರು ಹಿಡಿದು ಆ ಕಡೆಯ ಆಶಾ ಕಾರ್ಯಕರ್ತೆಯರು ಹುಡುಕಿದರು. ನಾಲ್ಕನೇ ದಿನ ಸಿಕ್ಕಿತು. ಅಷ್ಟರಲ್ಲಿ ಮಗು ಹಾಲು ಬಿಟ್ಟು ಮಂಕಾಗಿತ್ತು. ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು, ಔಷಧ ಶುರು ಮಾಡಿದರು. ಮಗು ಉಳಿಯಿತು. ಆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಹೊಸ ಪಟ್ಟಿಯ ಬಗ್ಗೆ ಮೀಟಿಂಗ್ ನಡೆದಾಗ ಎಲ್ಲರೂ ಯಂತ್ರ, ದರ ಅಂತ ಮಾತಾಡುತ್ತಿದ್ದರು. ನಾನು ಇಷ್ಟೇ ಕೇಳಿದೆ: 40 ಕಾಯಿಲೆ ನೋಡಿದರೆ 'ಮತ್ತೆ ಬನ್ನಿ' ಅಂತ ಮಾಡಬೇಕಾದ ಫೋನ್‌ಗಳೂ ಜಾಸ್ತಿ ಆಗ್ತವೆ, ಅಲ್ವಾ? ಅದನ್ನು ಯಾರು ಮಾಡ್ತಾರೆ? ಅದರಲ್ಲೂ ಮೊದಲ ವರದಿಯಲ್ಲಿ ಹೆಚ್ಚು ಬಂದ ಎಷ್ಟೋ ಮಕ್ಕಳಿಗೆ ಮರುಪರೀಕ್ಷೆಯಲ್ಲಿ ಏನೂ ಇರುವುದಿಲ್ಲ. ಹೆದರಿಸದೆ, ತಡವೂ ಮಾಡದೆ ಹೇಳುವುದಕ್ಕೆ ಒಬ್ಬರು ಇರಲೇಬೇಕು. ಈಗ ಅದಕ್ಕೆ ಒಬ್ಬ ಸಿಸ್ಟರ್‌ನ ಇಟ್ಟಿದ್ದೇವೆ. ಕಾರ್ಡಿನ ಜೊತೆಗೆ ಒಂದು ಚೀಟಿ ಇದೆ. ಮೂರು ನಂಬರ್, ಅದರಲ್ಲಿ ಒಂದು ತವರಿನದು. ಕೆಳಗೆ 'ಬಾಣಂತನ ಎಲ್ಲಿ?' ಅಂತ ಒಂದು ಸಾಲು.

ನಿನ್ನೆ ಒಬ್ಬ ಅಜ್ಜಿ ಮೊಮ್ಮಗಳ ಕಾಲು ಮುಚ್ಚಿಕೊಂಡು, 'ಹಸುಗೂಸಿಗೆ ಯಾಕಮ್ಮ ಸೂಜಿ?' ಅಂದರು. ಪಕ್ಕದಲ್ಲಿ ಕೂತು ಕುಣಿಗಲ್ ಮಗುವಿನ ಕತೆ ಹೇಳಿದೆ. ಅಜ್ಜಿ ತಾವೇ ಬಟ್ಟೆ ಸರಿಸಿ ಪಾದ ಉಜ್ಜಿ ಬೆಚ್ಚಗೆ ಮಾಡಿದರು. ಆಮೇಲೆ ಚೀಟಿ ನೋಡಿ, 'ಬರ್ಕೊಳಮ್ಮ, ಮಳವಳ್ಳಿ ಹತ್ರ ನಮ್ಮೂರು. ಫೋನ್ ಸಿಗ್ದಿದ್ರೆ ಡೈರಿಗೆ ಮಾಡಿ, ಬೆಳಿಗ್ಗೆ ಆರಕ್ಕೆ ಹಾಲು ಹಾಕೋಕೆ ಹೋಗಿರ್ತೀನಿ' ಅಂದರು. ಡೈರಿಯ ನಂಬರನ್ನೂ ಬರೆದುಕೊಂಡೆ.