ಟ್ರಂಕು ಬಾರದ ದಿನ ಜ್ಯೂರಿಚ್‌ನಲ್ಲಿ

ನಾಟಕ ತಂಡದ ಜೊತೆ ಊರೂರು ತಿರುಗಿದರೂ ಊರು ಕಾಣುವುದು ಕಡಿಮೆ. ಬಸ್ಸಿನ ಕಿಟಕಿ, ರಂಗಮಂದಿರದ ಹಿಂಬಾಗಿಲು, ಉಳಿದುಕೊಂಡ ರೂಮು, ಅಷ್ಟೇ. ನಾನು ಲೈಟಿಂಗ್‌ನವನು. ಎಲ್ಲರೂ ಊಟಕ್ಕೆ ಹೊರಟ ಮೇಲೂ ಕೇಬಲ್ ಸುತ್ತುತ್ತಿರುತ್ತೇನೆ.

ಜ್ಯೂರಿಚ್‌ನಲ್ಲಿ ಮಾತ್ರ ಇಡೀ ಒಂದು ಹಗಲು ಪುಕ್ಕಟೆ ಸಿಕ್ಕಿತು. ಲಾಟೀನು, ಮುಖವಾಡ, ಗೆಜ್ಜೆ ತುಂಬಿದ್ದ ಟ್ರಂಕು ನಮ್ಮ ವಿಮಾನದಲ್ಲಿ ಬರಲೇ ಇಲ್ಲ. ಸಂಜೆ ತಲುಪಿಸ್ತೀವಿ ಅಂದರಂತೆ. "ಇಲ್ಲಿ ನಿಂತು ಏನ್ ಮಾಡ್ತೀಯೋ, ಊರಾದ್ರೂ ನೋಡ್ಕೊಂಡು ಬಾ" ಅಂದರು ಮೇಷ್ಟ್ರು.

ನಮ್ಮ ಆಟ ಇದ್ದದ್ದು ಲಾಂಡಿವೀಸೆಯಲ್ಲಿ, ಸರೋವರದ ದಂಡೆಯ ಹುಲ್ಲುಹಾಸಿನ ಮೇಲೆ. 1980ರಿಂದ ಬೇಸಿಗೆಯ ಕೊನೆಗೆ ಇಲ್ಲಿ ಥಿಯೇಟರ್ ಸ್ಪೆಕ್ಟಾಕೆಲ್ ಉತ್ಸವ ನಡೆಯುತ್ತದೆ. ಜಾತ್ರೆಯಲ್ಲಿ ಟೆಂಟು ಹಾಕುವ ನಮ್ಮ ಕಂಪನಿ ನಾಟಕದವರಿಗೆ ಈ ಜಾಗ ಹೊಸದೆನಿಸಲಿಕ್ಕಿಲ್ಲ. ಧೂಳಿಲ್ಲ, ಅಷ್ಟೇ. ಪಕ್ಕದಲ್ಲೇ ಜನ ಟವೆಲ್ ಹಾಸಿ ಮಲಗಿರುತ್ತಾರೆ, ಬೇಜಾರಾದರೆ ಎದ್ದು ನೀರಿಗೆ ಧುಮುಕುತ್ತಾರೆ.

ದಂಡೆ ಹಿಡಿದು ನಡೆದೆ. ಕ್ವಾಯ್‌ಬ್ರೂಕೆ ಸೇತುವೆ ಹತ್ತಿರ ಸರೋವರ ಮುಗಿದು ಲಿಮ್ಮಾಟ್ ನದಿ ಶುರು. ಅಲ್ಲಿಂದ ಸ್ವಲ್ಪ ಮುಂದೆ ಸೇಂಟ್ ಪೀಟರ್ ಚರ್ಚಿನ ಗಡಿಯಾರ ಕಂಡಿತು. ಅದರ ಮುಖದ ಅಗಲ 8.7 ಮೀಟರ್! ನಮ್ಮ ರಂಗ ಬರೀ ಎಂಟು. ಕಾಫಿ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿ ಸುಮ್ನೆ ಮುಂದೆ ಹೋದೆ. ನೀರಿಗೇನೂ ಬರವಿಲ್ಲ. ಊರಲ್ಲಿ 1,200ಕ್ಕೂ ಜಾಸ್ತಿ ಕಾರಂಜಿಗಳಿವೆ, ಹೆಚ್ಚುಕಮ್ಮಿ ಎಲ್ಲದರ ನೀರನ್ನೂ ಕುಡಿಯಬಹುದು. ಕಲ್ಲು ತೊಟ್ಟಿಯ ನಳಿಗೆಗೆ ಬಾಟಲಿ ಹಿಡಿದೆ. ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಸ್ಪೀಗೆಲ್‌ಗಾಸೆ ಅಂತ ಒಂದು ಏರು ಗಲ್ಲಿ. ಅದರ ಒಂದನೇ ನಂಬರಿನ ಕಟ್ಟಡದಲ್ಲಿ 1916ರ ಫೆಬ್ರುವರಿಯಲ್ಲಿ ಕ್ಯಾಬರೆ ವೋಲ್ಟೇರ್ ಅನ್ನೋ ರಾತ್ರಿ ಕ್ಲಬ್ಬು ತೆರೆಯಿತು. ಯುದ್ಧದಿಂದ ರೋಸಿಹೋದ ಕಲಾವಿದರು ಅಲ್ಲಿ ಅರ್ಥವಿಲ್ಲದ ಪದ್ಯ ಕೂಗಿ, ತಮ್ಮ ಕಲಾ ಚಳವಳಿಗೆ ಡಾದಾ ಅಂತ ಹೆಸರಿಟ್ಟರು. ಅದೇ ವರ್ಷ ಅದೇ ಗಲ್ಲಿಯ 14ನೇ ನಂಬರಿನಲ್ಲಿ ಲೆನಿನ್ ಬಾಡಿಗೆಗಿದ್ದರು. ನಾನು ಹೆಜ್ಜೆ ಎಣಿಸುತ್ತ ಹೋದೆ. ನೂರು ದಾಟುವ ಹೊತ್ತಿಗೆ ಎಣಿಕೆ ತಪ್ಪಿತು. ರಾತ್ರಿ ಆ ಗಲಾಟೆ ಅವರ ಕಿವಿಗೂ ಬೀಳುತ್ತಿತ್ತೋ ಏನೋ.

ಇನ್ನೂ ಮೇಲೆ ಶೌಷ್ಪೀಲ್‌ಹೌಸ್ ರಂಗಮಂದಿರ. ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ಮದರ್ ಕರೇಜ್' ನಾಟಕ ಮೊದಲು ರಂಗಕ್ಕೆ ಬಂದದ್ದು ಇಲ್ಲೇ, 1941ರ ಏಪ್ರಿಲ್‌ನಲ್ಲಿ. ನಾಜಿಗಳಿಂದ ತಪ್ಪಿಸಿಕೊಂಡು ಬಂದ ನಟರಿಗೆ ಆಗ ಈ ಮಂದಿರವೇ ಆಸರೆ. ಬರೆದವನು ಮಾತ್ರ ಆ ಹೊತ್ತಿಗೆ ದೂರದ ಫಿನ್ಲೆಂಡ್‌ನಲ್ಲಿದ್ದ. ಬಾಗಿಲು ಹಾಕಿತ್ತು. ಅಭ್ಯಾಸಬಲ, ಹಿಂಬಾಗಿಲು ಎಲ್ಲಿ ಅಂತ ಒಂದು ಸುತ್ತು ಹಾಕಿದೆ.

ವಾಪಸ್ ಬಂದಾಗ ಟ್ರಂಕು ಬಂದಿತ್ತು. ಹಳೇ ಕನ್ನಡ ಪೇಪರಿನಲ್ಲಿ ಸುತ್ತಿದ್ದ ಲಾಟೀನಿನ ಗಾಜು ಒಡೆದಿರಲಿಲ್ಲ. ದಂಡೆಯಲ್ಲಿ ಕೂತು ಒರೆಸಿದೆ. ಎಂಟಕ್ಕೆ ರಿಹರ್ಸಲ್. ಮೊದಲ ದೃಶ್ಯದಲ್ಲಿ ಆ ಲಾಟೀನೊಂದೇ ಉರಿಯಬೇಕು, ಸುತ್ತ ಕತ್ತಲೆ. ಎಂಟಾದರೂ ಸರೋವರದ ಮೇಲೆ ಬಿಸಿಲು ಹಾಗೇ ಇತ್ತು. "ಏನಯ್ಯಾ, ಲೈಟ್ ಆರಿಸೋ!" ಅಂತ ಮೇಷ್ಟ್ರು ಹಿಂದಿನಿಂದ ಕೂಗಿದರು.